ಶಲ್ಲಕಿ ರಾಳ ಮತ್ತು ಉರಿಯೂತದ ಕರುಳಿನ ಕಾಯಿಲೆ

ಶಲ್ಲಕಿ ರಾಳವು ಬಾಸ್ವೆಲಿಯಾ ಸೆರಾಟಾ ಎಂಬ ಮರದ ತೊಗಟೆಯಿಂದ ಒಸರುವ ಸುವಾಸನೆಯ ಅಂಟುರಾಳವಾಗಿದೆ. ಆಯುರ್ವೇದ ಮತ್ತು ಯುನಾನಿ ಪದ್ಧತಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ದ್ರವ್ಯದ ಸಾರವನ್ನು ಕಳೆದ ನಾಲ್ಕು ದಶಕಗಳಿಂದ ಗುಳಿಗೆ ಮತ್ತು ಕ್ಯಾಪ್ಸೂಲ್ ರೂಪದಲ್ಲಿ ಮಾರಲಾಗುತ್ತಿದೆ. ಕೀಲುನೋವಿಗೆ ಹೆಚ್ಚಾಗಿ ಬಳಸಲಾಗುವ ಈ ಸಾರವನ್ನು ಉರಿಯೂತದ ಕರುಳಿನ ಕಾಯಿಲೆ (ಐಬಿಡಿ) ಇರುವವರೂ ಪೂರಕವಾಗಿ ಸೇವಿಸುವುದುಂಟು. ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಎಂಬ ಎರಡು ದೀರ್ಘಕಾಲಿಕ ರೋಗಗಳನ್ನು ಒಟ್ಟಾಗಿ ಉರಿಯೂತದ ಕರುಳಿನ ಕಾಯಿಲೆ ಎನ್ನುತ್ತಾರೆ.

ಈ ರಾಳದಲ್ಲಿ ಉರಿಯೂತವನ್ನು ತಗ್ಗಿಸುವ ರಾಸಾಯನಿಕಗಳಿರುವುದು ಪ್ರಯೋಗಾಲಯದಲ್ಲಿ ದೃಢಪಟ್ಟಿದೆ. ರೋಗಿಗಳ ಮೇಲೆ ನಡೆದ ಆರಂಭದ ಸಣ್ಣ ಪ್ರಯೋಗಗಳು ಭರವಸೆ ಮೂಡಿಸಿದವು. ಅನಂತರ ಹೆಚ್ಚು ಕಟ್ಟುನಿಟ್ಟಾಗಿ ನಡೆದ ದೊಡ್ಡ ಪ್ರಯೋಗದಲ್ಲಿ ಇದು ಹುಸಿಗುಳಿಗೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಆದ್ದರಿಂದ ಇದು ಐಬಿಡಿಗೆ ಪ್ರಮಾಣಿತ ಔಷಧದ ಸ್ಥಾನವನ್ನು ಪಡೆದಿಲ್ಲ.

ಮರ ಮತ್ತು ರಾಳ

ಬಾಸ್ವೆಲಿಯಾ ಸೆರಾಟಾ ಬರ್ಸೆರೇಸೀ ಕುಟುಂಬಕ್ಕೆ ಸೇರಿದ ಮಧ್ಯಮ ಎತ್ತರದ, ಎಲೆಯುದುರುವ ಮರ. ಕಲ್ಲುಗುಡ್ಡಗಳ ಇಳಿಜಾರಿನಲ್ಲಿ, ಬೇರೆ ಮರಗಳು ಬದುಕಲಾರದ ತೆಳುಮಣ್ಣಿನಲ್ಲಿಯೂ ಇದು ಬೆಳೆಯುತ್ತದೆ. ಬೂದು ಹಸಿರಿನ ತೊಗಟೆ ಕಾಗದದಂತೆ ತೆಳ್ಳಗೆ ಸುಲಿದು ಬರುತ್ತದೆ. ಬೇವಿನಂತೆ ಗರಿಗರಿಯಾಗಿ ಜೋಡಣೆಗೊಂಡ ಎಲೆಗಳ ಅಂಚು ಗರಗಸದ ಹಲ್ಲಿನಂತಿರುವುದರಿಂದಲೇ ಸೆರಾಟಾ ಎಂಬ ಹೆಸರು ಬಂದಿದೆ. ಮಧ್ಯಪ್ರದೇಶ, ರಾಜಸ್ಥಾನ, ಗುಜರಾತ್, ಮಹಾರಾಷ್ಟ್ರ ಮತ್ತು ಆಂಧ್ರದ ಒಣ ಕಾಡುಗಳು ಇದರ ಮುಖ್ಯ ನೆಲೆಗಳು. ಕರ್ನಾಟಕದ ಒಣ ಎಲೆಯುದುರುವ ಕಾಡುಗಳಲ್ಲಿಯೂ ಇದು ಕಂಡುಬರುತ್ತದೆ.

ಸಂಸ್ಕೃತ ನಿಘಂಟುಗಳು ಶಲ್ಲಕಿಗೆ ಕೊಡುವ ಹೆಸರುಗಳಲ್ಲಿ ‘ಗಜಭಕ್ಷ್ಯಾ’ ಎಂಬುದೂ ಒಂದು. ಆನೆಗಳು ಇದರ ಸೊಪ್ಪು ಮತ್ತು ರೆಂಬೆಗಳನ್ನು ಇಷ್ಟಪಟ್ಟು ತಿನ್ನುತ್ತವೆ ಎಂಬುದು ಆ ಹೆಸರಿನ ಅರ್ಥ. ನಿಘಂಟುಕಾರರು ಮರವನ್ನು ಔಷಧದ ಅಂಗಡಿಯಲ್ಲಿ ಅಲ್ಲ, ಕಾಡಿನಲ್ಲಿಯೇ ಕಂಡವರು ಎಂಬುದಕ್ಕೆ ಈ ಹೆಸರು ಸಾಕ್ಷಿಯಂತಿದೆ.

ತೊಗಟೆಯ ಒಂದು ಪಟ್ಟಿಯನ್ನು ಕೆತ್ತಿದಾಗ ಅದರಿಂದ ಹಳದಿ ಮಿಶ್ರಿತ, ಮಂದವಾದ ದ್ರವ ಒಸರುತ್ತದೆ. ಅದನ್ನು ಬಿದಿರಿನ ಬುಟ್ಟಿಯಲ್ಲಿ ಸುಮಾರು ಒಂದು ತಿಂಗಳು ಇಟ್ಟರೆ ತೆಳುವಾದ ಭಾಗ ಸೋರಿಹೋಗಿ ಗಟ್ಟಿಯಾದ ರಾಳ ಉಳಿಯುತ್ತದೆ. ಅನಂತರ ಅದನ್ನು ಒಡೆದು, ತೊಗಟೆಯ ಚೂರುಗಳನ್ನು ಕೈಯಿಂದ ಬೇರ್ಪಡಿಸಿ, ಬಣ್ಣ ಮತ್ತು ಗಾತ್ರಕ್ಕೆ ತಕ್ಕಂತೆ ದರ್ಜೆ ಮಾಡುತ್ತಾರೆ. ಒಂದು ಮರದಿಂದ ವರ್ಷಕ್ಕೆ ಸುಮಾರು 1 ಕಿಲೋಗ್ರಾಂನಷ್ಟು ರಾಳ ದೊರೆಯುತ್ತದೆ.

ರಾಳ ಮತ್ತು ಗೋಂದು ಒಂದೇ ಅಲ್ಲ. ಜಾಲಿಯ ಗೋಂದು ನೀರಿನಲ್ಲಿ ಕರಗುತ್ತದೆ; ರಾಳ ನೀರಿನಲ್ಲಿ ಕರಗದು, ಮದ್ಯಸಾರದಲ್ಲಿ ಕರಗುತ್ತದೆ. ಶಲ್ಲಕಿಯ ಒಸರಿನಲ್ಲಿ ಇವೆರಡೂ ಇವೆ. ಅದರ 30ರಿಂದ 60 ಶೇಕಡ ರಾಳ, 5ರಿಂದ 10 ಶೇಕಡ ಸುಗಂಧ ತೈಲ, ಉಳಿದುದು ಗೋಂದು. ಔಷಧಗುಣವುಳ್ಳ ಬಾಸ್ವೆಲಿಕ್ ಆಮ್ಲಗಳಿರುವುದು ರಾಳದ ಭಾಗದಲ್ಲಿ. ಹೀಗಾಗಿ ರಾಳದ ತುಂಡನ್ನು ನೀರಿನಲ್ಲಿ ಕುದಿಸಿ ಕಷಾಯವಾಗಿ ಕುಡಿದರೆ ಆ ಆಮ್ಲಗಳು ಅಲ್ಪ ಪ್ರಮಾಣದಲ್ಲಿ ಮಾತ್ರ ಕಷಾಯಕ್ಕೆ ಇಳಿಯುತ್ತವೆ.

ಹೆಸರುಗಳ ಗೊಂದಲ

ಕನ್ನಡದಲ್ಲಿ ಶಲ್ಲಕಿ ಮರಕ್ಕೆ ಮಡ್ಡಿ, ಗುಗ್ಗುಳ, ಧೂಪದ ಮರ ಮೊದಲಾದ ಹೆಸರುಗಳಿವೆ. ತೊಂದರೆಯೆಂದರೆ ಈ ಹೆಸರುಗಳಲ್ಲಿ ಯಾವುದೂ ಇದೊಂದಕ್ಕೇ ಮೀಸಲಾಗಿಲ್ಲ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಬಿನಿ ಅಣೆಕಟ್ಟೆ ಇರುವ ಬೀಚನಹಳ್ಳಿಯ ಒಂದು ಬದಿಗೆ ನಾಗರಹೊಳೆಯ ಕಾಡು, ಇನ್ನೊಂದು ಬದಿಗೆ ಬಂಡೀಪುರದ ಕಾಡು. ಕಾಡಂಚಿನ ಹಾಡಿಗಳ ಜೇನುಕುರುಬರು ಮತ್ತು ಬೆಟ್ಟಕುರುಬರು ಜೇನು, ಮೇಣ, ಸೀಗೆ, ಅಂಟುವಾಳ, ಮರಪಾಚಿಗಳ ಜೊತೆಗೆ ಗೋಂದು ಮತ್ತು ಧೂಪವನ್ನೂ ಸಂಗ್ರಹಿಸುತ್ತ ಬಂದವರು. ಹೆಗ್ಗಡದೇವನಕೋಟೆ, ಹುಣಸೂರು ಮುಂತಾದೆಡೆಗಳಲ್ಲಿರುವ ಗಿರಿಜನ ವಿವಿಧೋದ್ದೇಶ ಸಹಕಾರ ಸಂಘಗಳು (ಲ್ಯಾಂಪ್ಸ್) ಇಂಥ ಕಿರು ಅರಣ್ಯ ಉತ್ಪನ್ನಗಳನ್ನು ಕೊಳ್ಳಲೆಂದೇ ಸ್ಥಾಪನೆಯಾದವು. ಆದರೆ ‘ಧೂಪ’ ಎಂಬ ಒಂದೇ ಮಾತಿನಲ್ಲಿ ದಕ್ಷಿಣ ಕರ್ನಾಟಕದ ಕನಿಷ್ಠ ನಾಲ್ಕು ಬೇರೆ ಬೇರೆ ಮರಗಳ ಒಸರು ಅಡಗಿದೆ.

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಕ್ಯಾನೇರಿಯಂ ಸ್ಟ್ರಿಕ್ಟಂ ಮರದಿಂದ ಬರುವುದು ಕಪ್ಪಾದ ರಾಳಧೂಪ ಅಥವಾ ಕಾಳಧೂಪ. ಇದು ಶಲ್ಲಕಿಯ ಕುಟುಂಬಕ್ಕೇ ಸೇರಿದ್ದರೂ ಬೇರೆ ಜಾತಿ. ಕೊಡಗು, ಮಲೆನಾಡು ಮತ್ತು ಕರಾವಳಿಯಲ್ಲಿ ರಸ್ತೆಬದಿಯ ಸಾಲುಮರವಾಗಿಯೂ ಬೆಳೆಸಿರುವ ವಟೇರಿಯಾ ಇಂಡಿಕಾದ ಒಸರು ಬಿಳಿಧೂಪ ಅಥವಾ ಸಾಲಧೂಪ. ಐಲಾಂತಸ್ ಟ್ರೈಫೈಸಾ ಮರದಿಂದ ಸಿಗುವುದು ಹಾಲುಮಡ್ಡಿ. ಮೈಸೂರಿನ ಊದುಬತ್ತಿಗಳಿಗೆ ಅವುಗಳ ಮಂದವಾದ ಸಿಹಿ ಪರಿಮಳವನ್ನು ಕೊಟ್ಟದ್ದು ಇದೇ. ನಾಲ್ಕನೆಯದು ಶಲ್ಲಕಿ. ಅಂಗಡಿಯಲ್ಲಿ ಸಾಂಬ್ರಾಣಿ, ಲೋಬಾನ ಎಂದು ಮಾರುವುದು ಬಹುಮಟ್ಟಿಗೆ ಸ್ಟೈರಾಕ್ಸ್ ಜಾತಿಯ ವಿದೇಶಿ ಮರಗಳ ರಾಳ. ಇನ್ನು ‘ಗುಗ್ಗುಳ’ ಎಂದರೆ ಆಯುರ್ವೇದದಲ್ಲಿ ಮುಖ್ಯವಾಗಿ ರಾಜಸ್ಥಾನ ಮತ್ತು ಗುಜರಾತಿನ ಕುರುಚಲು ಗಿಡವಾದ ಕಾಮಿಫೊರಾ ವೈಟಿಯ ಒಸರು. ಮಡ್ಡಿ ಮರವನ್ನು ಮೈಸೂರು ಸೀಮೆಯ ಕಾಡುಗಳಲ್ಲಿ ಎಲ್ಲೆಲ್ಲೂ ಕಾಣುವ, ಮೊಸಳೆಯ ಚರ್ಮದಂಥ ತೊಗಟೆಯ ಮತ್ತಿ ಮರವೆಂದು ತಿಳಿಯುವುದೂ ಉಂಟು. ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ.

ಈ ಗೊಂದಲ ಬರಿಯ ಭಾಷೆಯದಲ್ಲ. ಪ್ರಯೋಗಗಳು ನಡೆದಿರುವುದು ಬಾಸ್ವೆಲಿಯಾ ಸೆರಾಟಾದ ಶುದ್ಧೀಕರಿಸಿದ, ಅಳತೆ ತಿಳಿದ ರಾಳ ಅಥವಾ ಅದರ ಸಾರದ ಮೇಲೆ. ಕಾಡಿನಿಂದ ತಂದ ಅಥವಾ ಸಂತೆಯಲ್ಲಿ ಕೊಂಡ ‘ಧೂಪ’ವನ್ನು ಪುಡಿಮಾಡಿ ನುಂಗಿದವರಿಗೆ ಆ ಪ್ರಯೋಗಗಳ ಫಲಿತಾಂಶ ಅನ್ವಯಿಸುವುದಿಲ್ಲ. ಕೆಂಡದ ಮೇಲೆ ಸುಡಲೆಂದು ಮಾರುವ ರಾಳದಲ್ಲಿ ಮರದ ಪುಡಿ, ಮಣ್ಣು, ಬೇರೆ ರಾಳಗಳು ಬೆರೆತಿರಬಹುದು. ಅದು ಆಹಾರಕ್ಕಾಗಲಿ ಔಷಧಕ್ಕಾಗಲಿ ಪರೀಕ್ಷೆಗೊಳಪಟ್ಟದ್ದಲ್ಲ. ಧೂಪದ ಹೊಗೆಗೂ ಕರುಳಿನ ರೋಗಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಆಯುರ್ವೇದದಲ್ಲಿ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತು ಹತ್ತು ದ್ರವ್ಯಗಳ ಐವತ್ತು ಗುಂಪುಗಳಿವೆ. ಮಲದ ಸಹಜ ಬಣ್ಣವನ್ನು ಮರಳಿಸುವ ‘ಪುರೀಷವಿರಜನೀಯ’ ಗುಂಪಿನಲ್ಲಿ ನೇರಳೆ, ಬೂರುಗ ಮೊದಲಾದವುಗಳೊಡನೆ ಶಲ್ಲಕಿಯ ಹೆಸರಿದೆ. ಗಮನಿಸಬೇಕಾದ ಸಂಗತಿಯೆಂದರೆ ಅಲ್ಲಿ ಹೇಳಿರುವುದು ಶಲ್ಲಕಿಯ ತೊಗಟೆಯನ್ನು, ರಾಳವನ್ನಲ್ಲ. ಮಾರಾಟದ ಬರಹಗಳು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ರಾಳವನ್ನು ಕುಂದುರು ಎಂದು ಕರೆದು ಬೇರೆಯಾಗಿ ವಿವರಿಸುವ ಪದ್ಧತಿಯಿದೆ. ಭಾರತದ ಆಯುರ್ವೇದ ಔಷಧಕೋಶವೂ ಕುಂದುರುವಿಗೆ ಪ್ರತ್ಯೇಕ ಮಾನದಂಡವನ್ನು ನೀಡಿದೆ.

ಐಬಿಡಿ ಎಂಬ ರೋಗವರ್ಗ ಆಧುನಿಕ ವೈದ್ಯಕೀಯದ್ದು. ಅದರ ಲಕ್ಷಣಗಳನ್ನು ಆಯುರ್ವೇದದ ವೈದ್ಯರು ರಕ್ತಾತಿಸಾರ, ಪ್ರವಾಹಿಕೆ, ಗ್ರಹಣಿ ಮುಂತಾದವುಗಳೊಡನೆ ಹೋಲಿಸುತ್ತಾರೆ. ಈ ರೋಗಗಳಿಗೆ ಸಂಹಿತೆಗಳಲ್ಲಿ ಮುಂಚೂಣಿಯಲ್ಲಿ ಬರುವುದು ಕೊಡಸಿಗೆಯ (ಕುಟಜ) ತೊಗಟೆ, ಬಿಲ್ವದ ಎಳೆಗಾಯಿ, ಮಜ್ಜಿಗೆ ಮತ್ತು ಬೂರುಗದ ಅಂಟಾದ ಮೋಚರಸ. ಮರದ ಒಸರನ್ನು ಭೇದಿಗೆ ಬಳಸುವ ಪದ್ಧತಿ ಹಳೆಯದು ಎಂಬುದಕ್ಕೆ ಶಲ್ಲಕಿಗಿಂತ ಮೋಚರಸವೇ ಹೆಚ್ಚು ನೇರವಾದ ಉದಾಹರಣೆ. ಆದರೆ ಅದು ರಾಳವಲ್ಲ, ಒಗರು ಗುಣದ ಅಂಟು.

ಕಾಯಿಲೆಯ ಸ್ವರೂಪ

ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಗುದನಾಳದಿಂದ ಮೇಲಕ್ಕೆ ಎಡೆಬಿಡದೆ ಉರಿಯೂತಕ್ಕೊಳಗಾಗಿ ಹುಣ್ಣಾಗುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ ಅದರ ಮುಖ್ಯ ಲಕ್ಷಣ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಅಲ್ಲಲ್ಲಿ ಕಾಣಿಸಿಕೊಳ್ಳಬಹುದು. ಕರುಳಿನ ಗೋಡೆಯ ಪೂರ್ಣ ದಪ್ಪಕ್ಕೆ ಹರಡಿ, ಕರುಳು ಕಿರಿದಾಗುವುದಕ್ಕೂ ನಾಳವ್ರಣಗಳಿಗೂ ಕಾರಣವಾಗುತ್ತದೆ. ಇದಕ್ಕೆ 1932ರಲ್ಲಿ ಸಹೋದ್ಯೋಗಿಗಳೊಡನೆ ಲೇಖನ ಪ್ರಕಟಿಸಿದ ಅಮೆರಿಕದ ವೈದ್ಯ ಬರಿಲ್ ಕ್ರೋನ್ ಅವರ ಹೆಸರು ಬಂದಿದೆ. ಎರಡೂ ಕಾಯಿಲೆಗಳು ಕೆಲಕಾಲ ಉಲ್ಬಣಿಸಿ ಕೆಲಕಾಲ ತಗ್ಗುತ್ತವೆ. ಯಾವುದೇ ಔಷಧದ ಗುಣವನ್ನು ನಿರ್ಣಯಿಸುವಾಗ ಈ ಏರಿಳಿತವನ್ನು ಮರೆಯಬಾರದು. ತಾನಾಗಿ ತಗ್ಗುವ ಹೊತ್ತಿನಲ್ಲಿ ಸೇವಿಸಿದ ವಸ್ತುವಿಗೆ ಗುಣಪಡಿಸಿದ ಕೀರ್ತಿ ಸುಲಭವಾಗಿ ಸಲ್ಲುತ್ತದೆ.

ಇದು ಪಾಶ್ಚಾತ್ಯ ದೇಶಗಳ ರೋಗವೆಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಪ್ರತಿ 1 ಲಕ್ಷ ಜನರಿಗೆ 44.3ರಂತೆ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದ ಮೇಲೆ ಆ ನಂಬಿಕೆ ಸಡಿಲಿತು.

ಭಾರತದಲ್ಲಿ ರೋಗನಿರ್ಣಯಕ್ಕೆ ತನ್ನದೇ ಆದ ತೊಡಕುಗಳಿವೆ. ರಕ್ತಭೇದಿಗೆ ಅಮೀಬಾ ಮತ್ತು ಬ್ಯಾಕ್ಟೀರಿಯಾಗಳ ಸೋಂಕು ಕಾರಣವಾಗಿರಬಹುದು. ಮೂಲವ್ಯಾಧಿ ಎಂದು ತಿಳಿದು ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಥವಾ ಕರುಳಿನ ಕ್ಯಾನ್ಸರ್ ಕಂಡುಬರಬಹುದು. ಎಲ್ಲಕ್ಕಿಂತ ಕಷ್ಟಕರವಾದುದು ಕರುಳಿನ ಕ್ಷಯ. ಹೊಟ್ಟೆನೋವು, ಜ್ವರ, ತೂಕ ಇಳಿಯುವಿಕೆ ಇವೆಲ್ಲ ಕ್ರೋನ್ಸ್ ಕಾಯಿಲೆಯಲ್ಲೂ ಕರುಳಿನ ಕ್ಷಯದಲ್ಲೂ ಒಂದೇ ಬಗೆಯಾಗಿರುತ್ತವೆ. ಕೊಲೊನೋಸ್ಕೋಪಿಯಲ್ಲಿ ಕಾಣುವ ಹುಣ್ಣುಗಳೂ ಹೋಲುತ್ತವೆ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಕ್ರೋನ್ಸ್ ಅನ್ನು ಕ್ಷಯವೆಂದು ತಿಳಿದರೆ ತಿಂಗಳುಗಟ್ಟಲೆ ಅನಗತ್ಯ ಔಷಧ ಸೇವನೆಯಾಗುತ್ತದೆ. ಎರಡನ್ನೂ ಬಿಟ್ಟು ಪೂರಕದ ಗುಳಿಗೆಯನ್ನೇ ನಂಬಿದರೆ ರೋಗ ಯಾವುದೆಂಬುದೇ ತಿಳಿಯದೆ ಕಾಲ ಸರಿಯುತ್ತದೆ.

ನಿರ್ಣಯಕ್ಕೆ ಮಲಪರೀಕ್ಷೆ, ರಕ್ತಪರೀಕ್ಷೆ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಇವೆಲ್ಲ ಸಾಮಾನ್ಯವಾಗಿ ಒಂದೆಡೆ ದೊರೆಯುವುದಿಲ್ಲ. ಬೀಚನಹಳ್ಳಿಯಂಥ ಊರಿನ ರೋಗಿಗೆ ಇದರ ಅರ್ಥ ಮೈಸೂರಿಗೆ ಹಲವು ಬಾರಿ ಓಡಾಟ, ಕೂಲಿಯ ನಷ್ಟ. ಪರೀಕ್ಷೆಗೆ ಮುನ್ನವೇ ಗಿಡಮೂಲಿಕೆಯ ಮೊರೆಹೋಗುವುದಕ್ಕೆ ಅಜ್ಞಾನಕ್ಕಿಂತ ಈ ದೂರವೇ ಹೆಚ್ಚಾಗಿ ಕಾರಣ.

ಚಿಕಿತ್ಸೆಯಲ್ಲಿ ರೋಗದ ತೀವ್ರತೆಗೆ ತಕ್ಕಂತೆ ಮೆಸಲಜೀನ್, ಸಲ್ಫಾಸಲಜೀನ್, ಸ್ಟೀರಾಯ್ಡ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದ ಜೈವಿಕ ಔಷಧಗಳು ಮತ್ತು ಅಗತ್ಯಬಿದ್ದಾಗ ಶಸ್ತ್ರಚಿಕಿತ್ಸೆಯನ್ನು ಬಳಸುತ್ತಾರೆ. ಜೈವಿಕ ಔಷಧಗಳು ದುಬಾರಿಯಾದವು. ಹಳೆಯ ಔಷಧಗಳಿಗೂ ಅಡ್ಡಪರಿಣಾಮಗಳಿವೆ. ಅಗ್ಗವಾದ ಸಸ್ಯಮೂಲದ ಪರ್ಯಾಯಕ್ಕಾಗಿ ಹುಡುಕಾಟ ನಡೆದಿರುವುದು ಸಹಜವೇ ಆಗಿದೆ.

ರಾಳದ ಕ್ರಿಯಾವಿಧಾನ

ಆಧುನಿಕ ಸಂಶೋಧನೆ ಆರಂಭವಾದದ್ದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದಲ್ಲಿ (ಇಂದಿನ ಭಾರತೀಯ ಸಮಗ್ರ ಔಷಧ ಸಂಸ್ಥೆ). ಅಲ್ಲಿನ ಜಿ. ಬಿ. ಸಿಂಗ್ ಮತ್ತು ಸಿ. ಕೆ. ಅತಲ್ ಅವರು 1986ರಲ್ಲಿ ಶಲ್ಲಕಿ ಸಾರದ ಉರಿಯೂತ ನಿರೋಧಕ ಗುಣದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಎಚ್. ಪಿ. ಟಿ. ಅಮ್ಮೊನ್, ಎಚ್. ಸಫಾಯಿ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಬಾಸ್ವೆಲಿಕ್ ಆಮ್ಲಗಳು 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತವೆಂದು ತೋರಿಸಿದರು. ಈ ಕಿಣ್ವದಿಂದ ಹುಟ್ಟುವ ಲ್ಯೂಕೋಟ್ರೈಯೀನ್‌ಗಳು ಬಿಳಿ ರಕ್ತಕಣಗಳನ್ನು ಉರಿಯೂತದ ಜಾಗಕ್ಕೆ ಸೆಳೆಯುತ್ತವೆ; ಐಬಿಡಿಯಲ್ಲಿ ಕರುಳಿನ ಪದರದಲ್ಲಿ ಇವು ಹೆಚ್ಚಾಗಿರುತ್ತವೆ. ಆಮ್ಲಗಳ ಪೈಕಿ ಹೆಚ್ಚು ಪ್ರಬಲವಾದುದು ಅಸಿಟೈಲ್-11-ಕೀಟೊ-ಬೀಟಾ-ಬಾಸ್ವೆಲಿಕ್ ಆಮ್ಲ. ಇದನ್ನು ಸಂಕ್ಷಿಪ್ತವಾಗಿ ಎಕೆಬಿಎ ಎನ್ನುತ್ತಾರೆ. ಇದು ಕಿಣ್ವದ ಯಾವ ಭಾಗಕ್ಕೆ ಅಂಟಿಕೊಳ್ಳುತ್ತದೆಂಬುದರ ಸ್ಫಟಿಕ ಚಿತ್ರಣವೂ 2020ರಲ್ಲಿ ಪ್ರಕಟವಾಯಿತು.

ಇಷ್ಟಾದರೂ ಎರಡು ಸಂದೇಹಗಳು ಉಳಿದಿವೆ. ಮೊದಲನೆಯದಾಗಿ, ಎಕೆಬಿಎ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಪ್ರಮಾಣದಲ್ಲಿ ಹೀರಲ್ಪಡುತ್ತದೆ. ಸಾಮಾನ್ಯ ಸೇವನೆಯಲ್ಲಿ ರಕ್ತದಲ್ಲಿ ಸಿಗುವ ಅದರ ಮಟ್ಟ, ಪ್ರಯೋಗಾಲಯದಲ್ಲಿ ಕಿಣ್ವವನ್ನು ತಡೆಯಲು ಬೇಕಾದ ಮಟ್ಟಕ್ಕಿಂತ ಕೆಳಗಿದೆ. ಕೊಬ್ಬಿನಂಶವುಳ್ಳ ಊಟದೊಡನೆ ಸೇವಿಸಿದರೆ ಹೀರುವಿಕೆ ಹೆಚ್ಚುತ್ತದೆ. ಕರುಳಿನ ರೋಗಕ್ಕೆ ಔಷಧ ರಕ್ತವನ್ನು ಸೇರಬೇಕಾದ್ದಿಲ್ಲ, ಕರುಳಿನೊಳಗೆ ಉಳಿದರೆ ಸಾಕು ಎಂಬ ವಾದವೂ ಇದೆ. ಮೆಸಲಜೀನ್ ಕೆಲಸ ಮಾಡುವುದು ಬಹುಮಟ್ಟಿಗೆ ಹಾಗೆಯೇ.

ಎರಡನೆಯದು ಇನ್ನೂ ಗಂಭೀರವಾದುದು. ಇದೇ ಕಿಣ್ವವನ್ನು ತಡೆಯಲೆಂದು ಸಿದ್ಧಪಡಿಸಿದ ಜಿಲ್ಯೂಟಾನ್ ಎಂಬ ಕೃತಕ ಔಷಧವನ್ನು ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯಲು ಬಳಸಿದ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಅದು ಹುಸಿಗುಳಿಗೆಗಿಂತ ಗಮನಾರ್ಹವಾಗಿ ಮೇಲೆನಿಸಲಿಲ್ಲ. ಹಾಗಾದರೆ ಶಲ್ಲಕಿ ಉಪಕಾರಿಯಾಗಿದ್ದರೂ ಅದರ ಕಾರಣ ಈ ಕಿಣ್ವ ಮಾತ್ರವೇ ಆಗಿರಲಾರದು. ಕ್ಯಾಥೆಪ್ಸಿನ್ ಜಿ ಮುಂತಾದ ಬೇರೆ ಗುರಿಗಳನ್ನು ಸಂಶೋಧಕರು ಈಗ ಪರಿಶೀಲಿಸುತ್ತಿದ್ದಾರೆ.

ರೋಗಿಗಳ ಮೇಲಿನ ಪ್ರಯೋಗಗಳು

ಹೆಚ್ಚು ಉಲ್ಲೇಖಗೊಳ್ಳುವ ಮೊದಲ ಪ್ರಯೋಗ ಜಮ್ಮುವಿನಲ್ಲಿ ಐ. ಗುಪ್ತಾ ಮತ್ತು ಸಂಗಡಿಗರು ನಡೆಸಿ 1997ರಲ್ಲಿ ಪ್ರಕಟಿಸಿದ್ದು. ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿಗೆ 350 ಮಿಲಿಗ್ರಾಂ ರಾಳವನ್ನು ದಿನಕ್ಕೆ 3 ಬಾರಿ 6 ವಾರ ಕೊಡಲಾಯಿತು. ಹೋಲಿಕೆಗೆ ಇನ್ನೊಂದು ಗುಂಪಿಗೆ 1 ಗ್ರಾಂ ಸಲ್ಫಾಸಲಜೀನನ್ನು ದಿನಕ್ಕೆ 3 ಬಾರಿ ಕೊಡಲಾಯಿತು. ರಾಳ ಪಡೆದವರಲ್ಲಿ ಶೇ. 82, ಸಲ್ಫಾಸಲಜೀನ್ ಪಡೆದವರಲ್ಲಿ ಶೇ. 75 ಮಂದಿ ಉಪಶಮನ ಹೊಂದಿದರು. ಇಂದಿಗೂ ಪೂರಕಗಳ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವುದು ಈ 82 ಎಂಬ ಅಂಕಿಯೇ. ಆದರೆ ಹೋಲಿಕೆಯ ಗುಂಪು ಬಹಳ ಚಿಕ್ಕದಾಗಿತ್ತು, ಹುಸಿಗುಳಿಗೆಯ ಗುಂಪು ಇರಲೇ ಇಲ್ಲ. ಅದೇ ತಂಡ 2001ರಲ್ಲಿ ದೀರ್ಘಕಾಲಿಕ ಕೊಲೈಟಿಸ್‌ನ 30 ರೋಗಿಗಳ ವಿವರವನ್ನು ಪ್ರಕಟಿಸಿತು: ದಿನಕ್ಕೆ 900 ಮಿಲಿಗ್ರಾಂ ರಾಳ ಪಡೆದ 20 ಮಂದಿಯಲ್ಲಿ 14, ಸಲ್ಫಾಸಲಜೀನ್ ಪಡೆದ 10 ಮಂದಿಯಲ್ಲಿ 4 ಮಂದಿಗೆ ಉಪಶಮನವಾಗಿತ್ತು. ಹತ್ತು ಜನರ ಗುಂಪಿನಲ್ಲಿ ಇಬ್ಬರು ಆಚೀಚೆಯಾದರೆ ಶೇಕಡಾವಾರು ಲೆಕ್ಕ ಇಪ್ಪತ್ತರಷ್ಟು ಬದಲಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಅದೇ 2001ರಲ್ಲಿ ಜರ್ಮನಿಯ ಗೆರ್‌ಹಾರ್ಟ್ ಮತ್ತು ಸಂಗಡಿಗರು ಕ್ರೋನ್ಸ್ ಕಾಯಿಲೆಯ ಉಲ್ಬಣಾವಸ್ಥೆಯಲ್ಲಿ ‘ಎಚ್15’ ಎಂಬ ಶಲ್ಲಕಿ ಸಾರವನ್ನು ಮೆಸಲಜೀನಿನೊಡನೆ ಹೋಲಿಸಿದರು. 102 ರೋಗಿಗಳು ಪಾಲ್ಗೊಂಡ ಈ ಪ್ರಯೋಗದಲ್ಲಿ ರೋಗದ ತೀವ್ರತೆಯ ಸೂಚ್ಯಂಕ ಎಚ್15 ಗುಂಪಿನಲ್ಲಿ 90, ಮೆಸಲಜೀನ್ ಗುಂಪಿನಲ್ಲಿ 53 ಅಂಕ ಇಳಿಯಿತು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಶಲ್ಲಕಿ ಮೇಲೆಂದು ತೋರಿಸಲಿಲ್ಲ. ಮೆಸಲಜೀನಿಗಿಂತ ಕೀಳಲ್ಲ ಎಂದಷ್ಟೇ ತೋರಿಸಿತು. ಕ್ರೋನ್ಸ್ ಕಾಯಿಲೆಯಲ್ಲಿ ಮೆಸಲಜೀನಿನ ಉಪಯೋಗವೇ ಅತ್ಯಲ್ಪ ಎಂಬುದು ಅನಂತರ ಸ್ಪಷ್ಟವಾಯಿತು. ದುರ್ಬಲ ಔಷಧಕ್ಕೆ ಸರಿಸಮವಾಗಿರುವುದು ಹೆಚ್ಚಿನ ಪ್ರಮಾಣಪತ್ರವಲ್ಲ.

ನಿರ್ಣಾಯಕವೆನಿಸಿದುದು ಹೋಲ್ಟ್‌ಮೈಯರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ. ಜರ್ಮನಿಯ ಹಲವು ಕೇಂದ್ರಗಳಲ್ಲಿ, ಉಭಯ ಅಂಧ ಕ್ರಮದಲ್ಲಿ, ಅಂದರೆ ಯಾರಿಗೆ ಯಾವ ಗುಳಿಗೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ, ಅದು ನಡೆಯಿತು. ಉಪಶಮನದಲ್ಲಿದ್ದ ಕ್ರೋನ್ಸ್ ರೋಗಿಗಳಿಗೆ 400 ಮಿಲಿಗ್ರಾಂನ 2 ಕ್ಯಾಪ್ಸೂಲ್‌ಗಳನ್ನು ದಿನಕ್ಕೆ 3 ಬಾರಿ 52 ವಾರ ಕೊಡುವ ಯೋಜನೆ ಅದಾಗಿತ್ತು. ಶಲ್ಲಕಿ ಪಡೆದವರಲ್ಲಿ ಶೇ. 59.9, ಹುಸಿಗುಳಿಗೆ ಪಡೆದವರಲ್ಲಿ ಶೇ. 55.3 ಮಂದಿ ಉಪಶಮನದಲ್ಲಿಯೇ ಉಳಿದರು. ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣದಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸಾರ ಸುರಕ್ಷಿತವಾಗಿತ್ತು, ಆದರೆ ರೋಗ ಮರುಕಳಿಸುವುದನ್ನು ತಡೆಯಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕೊಲಾಜಿನಸ್ ಕೊಲೈಟಿಸ್ ಎಂಬ ಬೇರೊಂದು ರೋಗದಲ್ಲಿ 31 ರೋಗಿಗಳ ಮೇಲೆ ನಡೆದ 2007ರ ಪ್ರಯೋಗ ತುಸು ಆಶಾದಾಯಕವಾಗಿತ್ತು. ಉಪಶಮನದಲ್ಲಿದ್ದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಮೇಲೆ ಇಟಲಿಯಲ್ಲಿ 4 ವಾರ ನಡೆದ ಅವಲೋಕನವೊಂದೂ ಇದೆ. 43 ಜನರ ಆ ಅಧ್ಯಯನದಲ್ಲಿ ಹುಸಿಗುಳಿಗೆ ಬಳಸಿರಲಿಲ್ಲ. ಪ್ರಾಣಿಗಳ ಮೇಲಿನ ಅಧ್ಯಯನಗಳೂ ಒಂದೇ ದಿಕ್ಕಿನಲ್ಲಿಲ್ಲ. 2005ರಲ್ಲಿ ಇಲಿಗಳಲ್ಲಿ ರಾಸಾಯನಿಕದಿಂದ ಕೊಲೈಟಿಸ್ ಉಂಟುಮಾಡಿ ನಡೆಸಿದ ಅಧ್ಯಯನದಲ್ಲಿ ಶಲ್ಲಕಿಯಿಂದ ಪ್ರಯೋಜನವಾಗಲಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ಹಾನಿಯ ಸೂಚನೆಯೂ ಕಂಡಿತು. ಎಡ್ಜರ್ಡ್ ಅರ್ನ್ಸ್ಟ್ ಅವರು 2008ರಲ್ಲಿ ವಿವಿಧ ರೋಗಗಳಲ್ಲಿ ಶಲ್ಲಕಿಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಸಾಕ್ಷ್ಯ ಉತ್ತೇಜಕವಾಗಿದ್ದರೂ ಮನವರಿಕೆ ಮಾಡುವಷ್ಟು ಬಲವಾಗಿಲ್ಲ ಎಂಬ ಅಭಿಪ್ರಾಯಕ್ಕೆ ಬಂದರು.

ಸುರಕ್ಷತೆ

ಮೇಲಿನ ಪ್ರಯೋಗಗಳಲ್ಲಿ ಗಂಭೀರ ಅಡ್ಡಪರಿಣಾಮಗಳು ಹೆಚ್ಚಾಗಿ ಕಂಡುಬಂದಿಲ್ಲ. ವಾಕರಿಕೆ, ಹುಳಿತೇಗು, ಹೊಟ್ಟೆನೋವು, ಭೇದಿ, ಚರ್ಮದ ಮೇಲೆ ದದ್ದು ಇವು ವರದಿಯಾಗಿವೆ. ಭೇದಿ ಮತ್ತು ಹೊಟ್ಟೆನೋವು ಮೂಲ ಕಾಯಿಲೆಯ ಲಕ್ಷಣಗಳೂ ಆಗಿರುವುದರಿಂದ ಯಾವುದು ಯಾವುದರಿಂದ ಎಂದು ಗುರುತಿಸುವುದು ಸುಲಭವಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿದ್ದವರಲ್ಲಿ ಶಲ್ಲಕಿಯಿಂದ ಅದರ ಪರಿಣಾಮ ಹೆಚ್ಚಾದ ಪ್ರಕರಣಗಳು 2011ರಲ್ಲಿ ವರದಿಯಾದವು. ಔಷಧಗಳನ್ನು ವಿಭಜಿಸುವ ಯಕೃತ್ತಿನ ಕಿಣ್ವಗಳನ್ನು ಈ ಸಾರ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಗರ್ಭಿಣಿಯರಲ್ಲಿ ಮತ್ತು ಹಾಲೂಡಿಸುವವರಲ್ಲಿ ಇದರ ಸುರಕ್ಷತೆ ಸ್ಥಾಪಿತವಾಗಿಲ್ಲ.

ರಾಳದಿಂದಾಗುವ ತೊಂದರೆಗಿಂತ ಚಿಕಿತ್ಸೆ ಬಿಡುವುದರಿಂದಾಗುವ ತೊಂದರೆ ದೊಡ್ಡದು. ಐಬಿಡಿಯಲ್ಲಿ ಭೇದಿ ನಿಂತಿತೆಂದರೆ ಹುಣ್ಣು ಮಾಯಿತೆಂದು ಅರ್ಥವಲ್ಲ. ಔಷಧವನ್ನು ತಾವೇ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದು ಸಾಮಾನ್ಯ. ದೊಡ್ಡ ಕರುಳಿನ ಹೆಚ್ಚಿನ ಭಾಗಕ್ಕೆ ಹರಡಿದ ಅಲ್ಸರೇಟಿವ್ ಕೊಲೈಟಿಸ್ ಹಲವು ವರ್ಷ ಮುಂದುವರಿದರೆ ಕರುಳಿನ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ. ಆದ್ದರಿಂದ ರೋಗ ಆರಂಭವಾಗಿ ಸುಮಾರು 8 ವರ್ಷಗಳ ಬಳಿಕ, ಲಕ್ಷಣಗಳಿರಲಿ ಇಲ್ಲದಿರಲಿ, ನಿಯತವಾಗಿ ಕೊಲೊನೋಸ್ಕೋಪಿ ಮಾಡಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಮೈತುಂಬ ಜ್ವರ, ದಿನಕ್ಕೆ 6 ಅಥವಾ ಹೆಚ್ಚು ಬಾರಿ ರಕ್ತಭೇದಿ, ಹೊಟ್ಟೆ ಉಬ್ಬರಿಸಿ ತೀವ್ರ ನೋವು ಕಾಣಿಸಿಕೊಂಡರೆ ಅದು ತುರ್ತು ಸ್ಥಿತಿ. ಆಸ್ಪತ್ರೆಯ ಚಿಕಿತ್ಸೆ ಅನಿವಾರ್ಯ. ವೈದ್ಯರ ಚಿಕಿತ್ಸೆಯೊಡನೆ ಶಲ್ಲಕಿಯನ್ನೂ ಸೇವಿಸುವವರು ಆ ವಿಷಯವನ್ನು ವೈದ್ಯರಿಗೆ ತಿಳಿಸುವುದು ಅವಶ್ಯಕ.

ತಯಾರಿಕೆ ಮತ್ತು ಮಾರುಕಟ್ಟೆ

ಶಲ್ಲಕಿ ಸಾರದ ಉದ್ಯಮದಲ್ಲಿ ಬೆಂಗಳೂರಿಗೆ ಸ್ಥಾನವಿದೆ. ಬೆಂಗಳೂರಿನ ಸಾಮಿ-ಸಬಿನ್ಸಾ ಸಮೂಹವು ‘ಬಾಸ್ವೆಲಿನ್’ ಎಂಬ ಹೆಸರಿನಲ್ಲಿ ಈ ಸಾರವನ್ನು ತಯಾರಿಸಿ ವಿದೇಶಗಳಿಗೂ ಮಾರುತ್ತದೆ. ಬೆಂಗಳೂರು ಮೂಲದ ಹಿಮಾಲಯ ಸಂಸ್ಥೆಯ ಶಲ್ಲಕಿ ಗುಳಿಗೆಗಳು ಕೀಲುಗಳ ಆರೋಗ್ಯಕ್ಕೆಂದು ಮಾರಾಟವಾಗುತ್ತವೆ.

ಭಾರತದಲ್ಲಿ ಒಂದೇ ದ್ರವ್ಯ ಎರಡು ಕಾನೂನುಗಳ ಕೆಳಗೆ ಬರಬಹುದು. ಆಯುರ್ವೇದ ಔಷಧವೆಂದು ತಯಾರಿಸಿದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆ ಅನ್ವಯಿಸುತ್ತದೆ. ಆರೋಗ್ಯ ಪೂರಕವೆಂದು ಮಾರಿದರೆ 2016ರ ಆಹಾರ ಸುರಕ್ಷತೆಯ ನಿಯಮಗಳು ಅನ್ವಯಿಸುತ್ತವೆ. ರೋಗವನ್ನು ಗುಣಪಡಿಸುತ್ತದೆಂದು ಪೂರಕದ ಮೇಲೆ ಬರೆಯುವಂತಿಲ್ಲ. ಕೊಳ್ಳುವವರು ಲೇಬಲ್ಲಿನ ಮೇಲೆ ಸಸ್ಯದ ವೈಜ್ಞಾನಿಕ ಹೆಸರು, ಬಾಸ್ವೆಲಿಕ್ ಆಮ್ಲಗಳ ಶೇಕಡಾವಾರು ಪ್ರಮಾಣ ಮತ್ತು ಎಕೆಬಿಎ ಪ್ರಮಾಣ ಇವೆಯೇ ಎಂದು ನೋಡಬಹುದು. ‘ಶಲ್ಲಕಿ 500 ಮಿ.ಗ್ರಾಂ’ ಎಂದಷ್ಟೇ ಬರೆದಿದ್ದರೆ ಅದು ಕಚ್ಚಾ ರಾಳವೋ ಸಾರವೋ ತಿಳಿಯುವುದಿಲ್ಲ.

ಇತರ ರಾಳಗಳು

ಗ್ರೀಸ್ ದೇಶದ ಕಿಯೋಸ್ ದ್ವೀಪದ ಮಸ್ತಕಿ (ಪಿಸ್ತಾಸಿಯಾ ಲೆಂಟಿಸ್ಕಸ್) ರಾಳವನ್ನು ಕ್ರೋನ್ಸ್ ಕಾಯಿಲೆಯ ಬೆರಳೆಣಿಕೆಯ ರೋಗಿಗಳ ಮೇಲೆ 4 ವಾರ ಪ್ರಯೋಗಿಸಿದ ವರದಿ 2007ರಲ್ಲಿ ಬಂದಿದೆ. ಜರ್ಮನಿಯಲ್ಲಿ ಬೋಳ, ಕ್ಯಾಮೊಮೈಲ್ ಹೂವು ಮತ್ತು ಕಾಫಿ ಇದ್ದಿಲು ಸೇರಿದ ಗುಳಿಗೆಯನ್ನು ಮೆಸಲಜೀನಿನೊಡನೆ ಹೋಲಿಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಅಲ್ಸರೇಟಿವ್ ಕೊಲೈಟಿಸ್‌ನ 96 ರೋಗಿಗಳನ್ನು 12 ತಿಂಗಳು ಗಮನಿಸಿದ ಆ ಅಧ್ಯಯನದಲ್ಲಿ ಗುಳಿಗೆ ಮೆಸಲಜೀನಿಗಿಂತ ಕೀಳೆನಿಸಲಿಲ್ಲ. ಮೂರು ದ್ರವ್ಯಗಳ ಮಿಶ್ರಣವಾದ್ದರಿಂದ ಬೋಳದ ಪಾಲು ಎಷ್ಟೆಂದು ಹೇಳುವಂತಿಲ್ಲ. ಗುಗ್ಗುಳವನ್ನು ಐಬಿಡಿಗೆ ಬಳಸುವ ವಿಚಾರ ಪ್ರಾಣಿಗಳ ಮೇಲಿನ ಅಧ್ಯಯನಗಳನ್ನು ಹೆಚ್ಚಾಗಿ ದಾಟಿಲ್ಲ.

ಸಂಗ್ರಹಣೆ ಮತ್ತು ಕಾಡಿನ ಸ್ಥಿತಿ

ರಾಳದ ಬೇಡಿಕೆ ಮರಗಳ ಮೇಲೆ ಒತ್ತಡ ತಂದಿದೆ. ಗುಗ್ಗುಳದ ಗಿಡ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ‘ಅತ್ಯಂತ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿದೆ. ಶಲ್ಲಕಿಯ ಆಫ್ರಿಕನ್ ಸಂಬಂಧಿಯಾದ ಬಾಸ್ವೆಲಿಯಾ ಪ್ಯಾಪಿರಿಫೆರಾದ ಕಾಡುಗಳಲ್ಲಿ ಎಳೆಯ ಮರಗಳೇ ಇಲ್ಲವೆಂದೂ ಎರಡು ದಶಕಗಳಲ್ಲಿ ಅದರ ರಾಳದ ಇಳುವರಿ ಅರ್ಧಕ್ಕಿಳಿಯಬಹುದೆಂದೂ 2019ರ ಅಧ್ಯಯನವೊಂದು ಎಚ್ಚರಿಸಿತು. ಆಳವಾಗಿ ಅಥವಾ ಬಿಡುವಿಲ್ಲದೆ ಕೆತ್ತಿದ ಮರ ಬೀಜ ಕಟ್ಟುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಾಯದ ಮೂಲಕ ಹುಳು ಹೊಗುತ್ತದೆ. ಮೇಯುವ ದನ ಮತ್ತು ಕಾಳ್ಗಿಚ್ಚು ಸಸಿಗಳನ್ನು ಉಳಿಯಗೊಡುವುದಿಲ್ಲ.

ಕಬಿನಿ ಸುತ್ತಿನ ಕಾಡು ಸಂರಕ್ಷಿತ ಪ್ರದೇಶವಾಗಿರುವುದರಿಂದ 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯ ನಿರ್ಬಂಧಗಳು ಇಲ್ಲಿ ಅನ್ವಯಿಸುತ್ತವೆ. 2002ರ ತಿದ್ದುಪಡಿಯ ಬಳಿಕ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಒಳಗಿನಿಂದ ಉತ್ಪನ್ನಗಳನ್ನು ವ್ಯಾಪಾರಕ್ಕಾಗಿ ತೆಗೆಯುವುದಕ್ಕೆ ತಡೆಬಿದ್ದಿತು. 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯಮಾಡಿತು. ಈ ಎರಡು ಕಾನೂನುಗಳ ನಡುವೆ ಹಾಡಿಗಳ ಸಂಗ್ರಹಕಾರರ ಸ್ಥಿತಿ ಅನಿಶ್ಚಿತವಾಗಿಯೇ ಇದೆ. ಕ್ಯಾಪ್ಸೂಲ್ ಕಾರ್ಖಾನೆಗಳಿಗೆ ಹೋಗುವ ಶಲ್ಲಕಿ ರಾಳ ಮುಖ್ಯವಾಗಿ ಮಧ್ಯಭಾರತ ಮತ್ತು ಆಂಧ್ರದ ಕಾಡುಗಳಿಂದ ಬರುತ್ತದೆ.